ಕಾಜಾ ಬ್ಲೇಡಿನಿಂದ ಕತ್ತರಿಸಿದ ಗುಳಿಗೆ

ಓದುವವರೆಲ್ಲರಿಗೂ ನಮಸ್ಕಾರ, ಸಲಾಂ. ನಾನು ನ್ಯಾಮತಿಯಲ್ಲಿ ಬಟ್ಟೆ ಹೊಲಿಯುವವನು, ಹೆಸರು ದಸ್ತಗೀರ. ಐದನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ. ಇಪ್ಪತ್ತು ವರ್ಷ ಕಳೆದ ಮೇಲೆ ಮತ್ತೆ ಪುಸ್ತಕ ಹಿಡಿದು ಹತ್ತನೇ ಕ್ಲಾಸು ಪಾಸಾದೆ. ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಾ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ ಕಡೆ, ಮಾತು ಹರಿದ ಕಡೆ ನೀವೇ ಒಂದು ಹೊಲಿಗೆ ಹಾಕಿಕೊಂಡು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮೊನ್ನೆ ಅಂಗಡಿಗೆ ಈ ವರ್ಷದ ಯೂನಿಫಾರ್ಮ್ ಬಟ್ಟೆಯ ಥಾನುಗಳು ಬಂದವು. ಹೊಸ ಬಟ್ಟೆಗೆ ಒಂದು ಗಂಜಿಯ ವಾಸನೆ ಇರುತ್ತದೆ. ಅದರ ಮೇಲೆ ಇಸ್ತ್ರಿ ಇಟ್ಟಾಗ ಏಳುವ ಹಬೆ ಮೂಗಿಗೆ ಬಡಿದರೆ ಸಾಕು, ನನಗೆ ಆರು ವರ್ಷದ ಹಿಂದಿನ ಬೇಸಿಗೆ ನೆನಪಾಗುತ್ತದೆ. ಆ ಬೇಸಿಗೆಯಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ನಮ್ಮದು ಹತ್ತಿ ಹಿಂಜುವ ಮನೆತನ. ಹೆಸರುಗಳಷ್ಟೇ ಮುಸಲ್ಮಾನರವು, ಮನೆಯಲ್ಲಿ ಆಡುವುದು ಕನ್ನಡ. ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಅವ್ವ, ನಾನು, ತಂಗಿ ಹಸೀನಾ, ಮೂವರೇ ಬೆಳೆದೆವು. ಅವ್ವನಿಗೆ ನಮ್ಮ ಓಣಿಯಲ್ಲಿ ಒಂದು ಹೆಸರಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ಎರೆಯಲು ಅವಳನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಎರಡೂ ಮೊಣಕಾಲ ಮಧ್ಯೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹದವಾದ ಬಿಸಿನೀರು ಹೊಯ್ದರೆ ಎಂಥ ಅಳುವ ಕೂಸೂ ನಿದ್ದೆ ಹೋಗುತ್ತಿತ್ತು. ಲಿಂಗಾಯತರ ಮನೆ, ಕುರುಬರ ಮನೆ, ನಮ್ಮವರ ಮನೆ, ಎಲ್ಲ ಮನೆಯ ಬಚ್ಚಲೂ ಅವಳಿಗೆ ಗೊತ್ತಿತ್ತು.

ಹಸೀನಾಳನ್ನು ಜಗಳೂರು ಕಡೆಯ ಸೊಕ್ಕೆಗೆ ಕೊಟ್ಟಿದ್ದೆವು. ಗಂಡ ಖಾದರ್ ಜಗಳೂರಿನಲ್ಲಿ ಹಾಸಿಗೆ, ದಿಂಬು ಮಾಡುವ ಅಂಗಡಿಯಲ್ಲಿದ್ದ. ಮಾತು ಕಡಿಮೆ, ಒಳ್ಳೆಯ ಮನುಷ್ಯ. ಅವಳ ಮದುವೆಯಾಗಿ ಮೂರು ತಿಂಗಳಿಗೆ ನನಗೆ ಹರ್ನಿಯಾ ಆಪರೇಶನ್ ಮಾಡಬೇಕಾಗಿ ಬಂತು. ಅದಕ್ಕೆ ಮುಂಚೆ ರಕ್ತ ನೋಡಿದಾಗ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಲಿವರಿಗೆ ಸೇರುವ ವೈರಸ್ಸು. ಮೈಯಲ್ಲಿ ಏನೂ ತೊಂದರೆ ಇರಲಿಲ್ಲ, ಊಟ ಸೇರುತ್ತಿತ್ತು, ಕೆಲಸ ನಡೆಯುತ್ತಿತ್ತು. ಆದರೆ ಲಿವರು ಆಗಲೇ ಸ್ವಲ್ಪ ಗಟ್ಟಿಯಾಗಿದೆ ಎಂದು ದಾವಣಗೆರೆಯ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದರು. ಒಡಹುಟ್ಟಿದವರನ್ನೂ ತಾಯಿಯನ್ನೂ ಕರೆತಂದು ತೋರಿಸಿ ಎಂದರು.

ಮನೆಗೆ ಬಂದು ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹೊಸದಾಗಿ ಮದುವೆ ಆಗೈತೆ. ಈಗ ಅವಳ ರಕ್ತ ತೋರಿಸು ಅಂದ್ರೆ ಅವಳತ್ತೆ ಏನಂದ್ಕಂತಾಳೆ? ಸುಮ್ನಿರು. ನಿನ್ನ ಗುಳಿಗೆ ನೀನು ನುಂಗು."

ಸುಮ್ಮನಾದೆ. ಅವ್ವ ಹೇಳಿದಳೆಂದು ಸುಮ್ಮನಾದೆ ಎನ್ನುವುದು ಪೂರ್ತಿ ನಿಜವಲ್ಲ. ನನಗೂ ಅದೇ ಬೇಕಾಗಿತ್ತು.

ಎರಡು ವರ್ಷ ಕಳೆದು ಹಸೀನಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಕುಬುಸ ಮಾಡಿ ಚೊಚ್ಚಲ ಹೆರಿಗೆಗೆ ಕರೆತಂದೆವು. ಆಗಷ್ಟೇ ಯೂನಿಫಾರ್ಮ್ ಹೊಲಿಗೆಯ ಹಂಗಾಮು ಶುರುವಾಗಿತ್ತು. ಏಪ್ರಿಲ್, ಮೇ ಎರಡು ತಿಂಗಳು ನಮ್ಮಂಥವರಿಗೆ ತಲೆ ಕೆರೆದುಕೊಳ್ಳಲೂ ಬಿಡುವಿರುವುದಿಲ್ಲ. ನೀಲಿ ಚಡ್ಡಿ, ಬಿಳಿ ಅಂಗಿ, ಹುಡುಗಿಯರ ಪಿನಾಫೋರು ಅಂಗಡಿಯ ತುಂಬ ರಾಶಿ ಬಿದ್ದಿರುತ್ತವೆ. ಹಸೀನಾ ಮಧ್ಯಾಹ್ನ ಊಟದ ಡಬ್ಬಿ ತರುವಳು, ಅಲ್ಲೇ ಕುರ್ಚಿಯ ಮೇಲೆ ಕೂತು ಗುಂಡಿ ಹಚ್ಚಿಕೊಡುವಳು.

ಒಂದು ದಿನ ಡಬ್ಬಿ ತಂದವಳು ಸೂಜಿ ಮುಟ್ಟಲಿಲ್ಲ. ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ಕಟಿಂಗ್ ಟೇಬಲ್ಲಿನ ಮೇಲಿಟ್ಟಳು.

"ಇಲ್ಲಿನ ಆಸ್ಪತ್ರೇಲಿ ರಕ್ತ ನೋಡಿದ್ರಣ್ಣ. ನರ್ಸಮ್ಮ ನನ್ನ ಒಬ್ಬಳನ್ನೇ ಒಳಗೆ ಕರೆದು ಹೇಳಿದ್ರು. ದಾವಣಗೆರೆಗೆ ಹೋಗು, ತಡ ಮಾಡಬ್ಯಾಡ, ಕೂಸಿಗೂ ದಾಟ್ತೈತೆ ಅಂದ್ರು."

ಕಾಗದ ನೋಡಿದೆ. ನನ್ನ ಕಾಗದದಲ್ಲಿದ್ದ ಅಕ್ಷರಗಳೇ.

"ನನಗೂ ಅದೇ ಐತೆ" ಅಂದೆ.

"ಯಾವಾಗಿಂದ?"

"ಎರಡು ವರ್ಷ ಆತು."

ಅವಳು ಕಾಗದವನ್ನು ಮಡಚಿ ಮತ್ತೆ ಸೆರಗಿಗೆ ಗಂಟು ಹಾಕಿದಳು. "ಮದುವೇಲಿ ಸೋಬಾನೆ ಹಾಡಿದೋರೂ ನನ್ನ ಗುಣ, ರೂಪ ಎಲ್ಲಾ ಹಾಡಿ ಹೇಳಿದ್ರು. ನನಗೆ ನನ್ನ ಬಗ್ಗೆ ಹೇಳಾಕೆ ನಿನಗೆ ಪುರುಸೊತ್ತು ಸಿಗಲಿಲ್ಲ, ಅಲ್ವಾ?"

ಮರುದಿನವೇ ದಾವಣಗೆರೆಗೆ ಹೋಗೋಣ ಎಂದೆ. ಅವಳು ಒಪ್ಪಲಿಲ್ಲ. ಅಲ್ಲಿಗೆ ಹೋದರೆ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ, ಸೊಕ್ಕೆಯ ಆಶಾ ಕಾರ್ಯಕರ್ತೆ ಓದುತ್ತಾಳೆ, ಅತ್ತೆಗೆ ಗೊತ್ತಾಗುತ್ತದೆ ಎಂದಳು. "ಬೇರೆ ತಟ್ಟೆ, ಬೇರೆ ಲೋಟ ಇಟ್ಟುಬಿಡ್ತಾರೆ. ಇಲ್ಲಾ ಇಲ್ಲೇ ಬಿಟ್ಟುಹೋಗ್ತಾರೆ."

ಆಗ ನನಗೆ ಹೊಳೆದದ್ದು ಇದು. ರೋಗ ಒಂದೇ, ಗುಳಿಗೆಯೂ ಒಂದೇ ಆಗಿರಬೇಕು. ನನ್ನ ಡಬ್ಬಿಯಲ್ಲಿ ಗುಳಿಗೆ ಇದೆ. ನಮ್ಮ ಮನೆಯಲ್ಲಿ ಯಾವ ವಸ್ತು ಬಂದರೂ ಎರಡು ಭಾಗ ಮಾಡಿ ತಿಂದು ಬೆಳೆದವರು ನಾವು. ಒಂದು ಬಾಳೆಹಣ್ಣಾದರೂ ಅವ್ವ ಮುರಿದೇ ಕೊಡುತ್ತಿದ್ದಳು. ಬಸುರಿಗೆ ಇಂಗ್ಲಿಷ್ ಗುಳಿಗೆ ಉಷ್ಣ, ಪೂರ್ತಿ ಕೊಟ್ಟರೆ ಕೂಸಿಗೆ ತಡೆಯಲಿಕ್ಕಿಲ್ಲ ಎಂದೂ ಅನಿಸಿತು. ಅರ್ಧ ಅವಳಿಗೆ, ಅರ್ಧ ನನಗೆ. ಹತ್ತನೇ ಕ್ಲಾಸಿನ ವಿಜ್ಞಾನ ಓದಿದ್ದೇನೆ ಎಂಬ ಧೈರ್ಯ ಬೇರೆ.

ಗುಂಡಿಯ ತೂತು, ಅಂದರೆ ಕಾಜಾ ಸೀಳುವ ಒಂದು ಸಣ್ಣ ಬ್ಲೇಡಿರುತ್ತದೆ ನಮ್ಮಲ್ಲಿ. ಆ ದಿನದಿಂದ ಅದರಿಂದಲೇ ಗುಳಿಗೆಯನ್ನು ನಡುವೆ ಕತ್ತರಿಸಿದೆ. ನನ್ನ ಕೈ ಅಳತೆಗೆ ಪಳಗಿದ್ದು. ಎರಡು ತುಂಡೂ ಸಮ ಬರುತ್ತಿದ್ದವು. ಅದನ್ನು ನೋಡಿ ಒಳಗೊಳಗೇ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಹಸೀನಾ ಊಟವಾದ ಮೇಲೆ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿಯುವಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಮಾವನ ಪಾಲಿಂದು ಬಂತು ನೋಡು" ಎಂದು ಕೂಸಿಗೆ ಹೇಳುವಳು. ಅವ್ವನಿಗೆ ಇದೊಂದೂ ಗೊತ್ತಿರಲಿಲ್ಲ. ಹೀಗೆ ಇಪ್ಪತ್ತು ದಿನಕ್ಕೂ ಹೆಚ್ಚು ನಡೆಯಿತು.

ಏಪ್ರಿಲ್ ಕೊನೆಯಲ್ಲಿ ನನ್ನ ಗುಳಿಗೆ ತರುವ ದಿನ ಬಂತು. ಹೊನ್ನಾಳಿ ಬಸ್ಸು ಹಿಡಿದು, ಅಲ್ಲಿಂದ ದಾವಣಗೆರೆಗೆ ಹೋದೆ. ಗುಳಿಗೆ ಕೊಡುವ ಕಿಟಕಿಯಲ್ಲಿ ಯಾವಾಗಲೂ ಒಬ್ಬರು ಮೇಡಂ ಇರುತ್ತಿದ್ದರು, ನಡುವಯಸ್ಸಿನವರು. ಹಳೆಯ ಡಬ್ಬಿ ತೆಗೆದುಕೊಂಡು ಉಳಿದದ್ದನ್ನು ಎಣಿಸುವುದು ಅವರ ಪದ್ಧತಿ. ಆವತ್ತು ಮುಚ್ಚಳ ತೆಗೆದು ಬಗ್ಗಿಸಿದರು. ಅಂಗೈಗೆ ಒಂದು ಅರ್ಧ ತುಂಡು, ಸ್ವಲ್ಪ ಬಿಳಿ ಪುಡಿ ಬಿತ್ತು.

"ಇದೇನ್ರೀ ಟೈಲರ್ರೇ, ಗುಳಿಗೇನೂ ಕಟಿಂಗ್ ಮಾಡಾಕೆ ಶುರು ಮಾಡಿದ್ರಾ?"

"ದೊಡ್ಡದು ಮೇಡಂ, ನುಂಗಾಕೆ ಆಗಲ್ಲ."

"ಎರಡು ವರ್ಷ ನುಂಗಿದೋರಿಗೆ ಈಗ ಗಂಟಲು ಚಿಕ್ಕದಾತಾ?" ಅವರು ನನ್ನನ್ನು ಬಿಡಲಿಲ್ಲ. ಹಿಂದೆ ನಿಂತವರು ಹೋಗುವವರೆಗೂ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಹತ್ತಿರ ಕರೆದರು.

ಅವರ ಕೈಚೀಲದ ಜಿಪ್ಪು ಹಾಳಾಗಿತ್ತು, ಒಂದು ಪಿನ್ನು ಚುಚ್ಚಿಕೊಂಡಿದ್ದರು. ನನ್ನ ಕಣ್ಣು ಅಲ್ಲಿಗೇ ಹೋಯಿತು. ಅವರು ಅದನ್ನು ಗಮನಿಸಿ ಚೀಲವನ್ನೇ ಮೇಜಿನ ಮೇಲಿಟ್ಟರು.

"ನಿಮಗಾದ್ರೆ ಹೇಳೋದು ಸುಲಭ. ಕೇಳ್ರಿ. ಈ ವೈರಸ್ಸಿಗೆ ಸ್ವಂತ ಅಂಗಡಿ ಇಲ್ಲ. ಮಿಷನ್ ಇಲ್ಲ, ದಾರ ಇಲ್ಲ. ಅದರ ಹತ್ರ ಇರೋದು ಒಂದು ಅಳತೆ ಚೀಟಿ ಅಷ್ಟೇ. ಅದನ್ನ ತಗಂಡು ನಿಮ್ಮ ಲಿವರಿನ ಒಳಗೆ ಬಂದು, ನಿಮ್ಮ ಮಿಷನ್ ಮೇಲೆ ಕೂತು, ನಿಮ್ಮ ದಾರದಾಗೇ ತನ್ನಂಥವನ್ನ ಹೊಲೀತಾ ಹೋಗ್ತೈತೆ."

"ಅದನ್ನ ಸಾಯಿಸಾಕೆ ಆಗಲ್ವಾ ಮೇಡಂ? ಜ್ವರಕ್ಕೆ ಆಂಟಿಬಯಾಟಿಕ್ ಕೊಡ್ತಾರಲ್ಲ, ಹಂಗೆ?"

"ಆ ಔಷಧಿ ತಾಗೋ ರೋಗಾಣು ಬೇರೆ. ಅವಕ್ಕೆ ತಮ್ಮದೇ ಗೋಡೆ ಇರ್ತೈತೆ, ಮಿಷನ್ ಇರ್ತೈತೆ, ಅಲ್ಲಿಗೆ ಹೊಡೀಬಹುದು. ಇದು ಕೂತಿರೋದು ನಿಮ್ಮ ಅಂಗಡಿಯಾಗೆ. ಬೆಂಕಿ ಹಚ್ಚಿದ್ರೆ ಯಾರದು ಸುಡ್ತೈತೆ?"

ನಾನು ತಲೆಯಾಡಿಸಿದೆ. ಅವರು ಚೀಲದ ಜಿಪ್ಪನ್ನು ಎಳೆದರು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು.

"ವೈರಸ್ಸು ತನ್ನ ಚೀಟಿ ನಕಲು ಮಾಡೋವಾಗ ಹಿಂಗೇ ಒಂದರ ಪಕ್ಕ ಒಂದು ಹಲ್ಲು ಜೋಡಿಸ್ತಾ ಹೋಗ್ತೈತೆ. ನಿಮ್ಮ ಗುಳಿಗೆ ಅಂದ್ರೆ ಸುಳ್ಳು ಹಲ್ಲು. ನೋಡಾಕೆ ನಿಜವಾದದ್ದರಂಗೇ ಐತೆ. ವೈರಸ್ಸು ಮೋಸ ಹೋಗಿ ಅದನ್ನ ತಗಂಡು ಜೋಡಿಸ್ತೈತೆ. ಆದ್ರೆ ಮುಂದಿನ ಹಲ್ಲು ಹಿಡಿಯೋ ಕೊಕ್ಕೆ ಅದಕ್ಕಿಲ್ಲ. ನಕಲು ಅಲ್ಲಿಗೇ ನಿಲ್ತೈತೆ. ಮೂಲ ಚೀಟಿ ಮಾತ್ರ ಒಳಗೆ ಬೀಗ ಹಾಕ್ಕಂಡು ಕೂತಿರ್ತೈತೆ, ಅದನ್ನ ಈ ಗುಳಿಗೆ ಅಳಿಸಲ್ಲ. ಅದಕ್ಕೇ ಬಿಡಬ್ಯಾಡಿ ಅನ್ನೋದು."

"ಸುಳ್ಳು ಹಲ್ಲು ಅರ್ಧದಷ್ಟೇ ಇದ್ರೆ ಮೇಡಂ?"

ಅವರು ನನ್ನನ್ನೇ ನೋಡಿದರು. "ಅದರ ಕೈಗೆ ನಿಜವಾದವು ಸಿಗ್ತಾವೆ. ಜಿಪ್ಪು ಓಡ್ತೈತೆ. ಇನ್ನರ್ಧ ಯಾರಿಗೆ ಕೊಡ್ತಿದೀರಿ, ಹೇಳ್ರಿ."

ಹೇಳಿದೆ. ತಂಗಿ ಎಂದೆ, ಎಂಟನೇ ತಿಂಗಳು ಎಂದೆ, ಕಾಜಾ ಬ್ಲೇಡಿನ ವಿಷಯವನ್ನೂ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟರು.

"ಹುಟ್ಟೋ ಹೊತ್ತಿನಾಗೆ ತಾಯಿ ರಕ್ತದಾಗೆ ಇದು ಎಷ್ಟು ಇರ್ತೈತೋ ಕೂಸಿಗೆ ಅಷ್ಟು ಅಪಾಯ. ಅದನ್ನ ಇಳಿಸಾಕೆ ಕೊನೇ ಮೂರು ತಿಂಗಳು ಪೂರ್ತಿ ಗುಳಿಗೆ ಕೊಡ್ತಾರೆ. ಅದರಾಗೆ ಒಂದು ತಿಂಗಳು ನೀವು ಬ್ಲೇಡಿಗೆ ಕೊಟ್ರಿ. ಇನ್ನೂ ಟೈಮ್ ಐತೆ. ನಾಳೆ ಕರಕಂಬರ್ರಿ. ನಿಮ್ಮ ತಾಯೀನೂ ಕರಕಂಬರ್ರಿ."

ವಾಪಸು ಬರುವಾಗ ಹೊನ್ನಾಳಿಯ ಸೇತುವೆಯ ಮೇಲೆ ಬಸ್ಸು ಜಾಮಿನಲ್ಲಿ ನಿಂತಿತು. ಕೆಳಗೆ ಹೊಳೆ ಬತ್ತಿ ಬಂಡೆ ಕಾಣುತ್ತಿತ್ತು. ಕೂಸಿಗೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಮನೆಗೆ ಬಂದು ಇಬ್ಬರನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ. ಅವ್ವನಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಹಸೀನಾ ಮಾತ್ರ ಆ ಬ್ಲೇಡು ಎಲ್ಲಿದೆ ಎಂದು ಕೇಳಿದಳು. ಅಂಗಡಿಯಲ್ಲಿ ಎಂದೆ. "ಅದರಾಗೆ ಇನ್ಮೇಲೆ ಗುಂಡಿ ತೂತು ಒಂದೇ ಮಾಡು" ಅಂದಳು, ಅಷ್ಟೇ. ಆಮೇಲೆ ಕಾರ್ಡು ತೆಗೆದು ಚೀಲದಲ್ಲಿಟ್ಟುಕೊಂಡಳು. ಹೋಗಲು ಒಪ್ಪಿದಳೆಂದು ಅದರಿಂದ ಗೊತ್ತಾಯಿತು.

ದಾವಣಗೆರೆಯಲ್ಲಿ ಹಸೀನಾಗೆ ಅವತ್ತೇ ಪೂರ್ತಿ ಗುಳಿಗೆ ಶುರುವಾಯಿತು. ಇದು ಕೂಸಿಗೆ ಉಷ್ಣವಲ್ಲ, ಬಸುರಿಯರಿಗೆ ಕೊಡುವ ಗುಳಿಗೆಯೇ ಎಂದು ಡಾಕ್ಟರು ಎರಡು ಸಲ ಹೇಳಿದರು. ಹೆರಿಗೆ ಇಲ್ಲೇ ಆಗಬೇಕು, ಹುಟ್ಟಿದ ಕೂಡಲೇ ಕೂಸಿಗೆ ಎರಡು ಇಂಜೆಕ್ಷನ್ ಕೊಡಬೇಕು ಎಂದರು. ಅವ್ವನ ರಕ್ತದಲ್ಲೂ ಇತ್ತು. ಆದರೆ ಅವಳ ಲಿವರು ಚೆನ್ನಾಗಿದೆ, ಸದ್ಯಕ್ಕೆ ಗುಳಿಗೆ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಸಾಕು ಎಂದರು. ಅವ್ವ ಕೇಳಿದ್ದು ಒಂದೇ ಮಾತು. "ಈ ಇಬ್ಬರಿಗೂ ನನ್ನಿಂದ ಬಂತೇನಪ್ಪ?"

"ಹೆಚ್ಚಾಗಿ ಹಂಗೇ ಅಮ್ಮ. ಆಗ ಯಾರಿಗೂ ಗೊತ್ತಿರ್ತಿರಲಿಲ್ಲ. ನಿಮ್ಮ ತಪ್ಪಲ್ಲ."

ಕೊನೆಯ ಮಾತು ಅವ್ವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮನೆಗೆ ಬಂದ ಮೇಲೆ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಳು. ಹಸೀನಾ ತನ್ನ ಅತ್ತೆ ಮಾಡುತ್ತಾಳೆ ಎಂದು ಹೆದರಿದ್ದನ್ನು ನಮ್ಮ ಮನೆಯಲ್ಲಿ ಅವ್ವ ತನಗೆ ತಾನೇ ಮಾಡಿಕೊಂಡಳು. ಒಟ್ಟಿಗೆ ಉಂಡರೆ, ಮುಟ್ಟಿದರೆ ಬರುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಗುಳಿಗೆ ಕೊಯ್ದ ಡಾಕ್ಟರು ನೀನು. ನಿನ್ನ ಮಾತು ನಾನು ಕೇಳಬೇಕಾ?" ಅಂದಳು.

ಖಾದರನಿಗೆ ಹೇಳುವುದಿತ್ತು. ಭಾನುವಾರ ಅವನು ಬಂದಾಗ ಹಸೀನಾ ತಾನೇ ಅವನನ್ನು ಅಂಗಡಿಗೆ ಕರೆತಂದಳು. ಅರ್ಧ ಹೊಲಿದ ಪಿನಾಫೋರುಗಳ ಮಧ್ಯೆ ನಿಂತು, ಒಂದೂ ಮುಚ್ಚಿಡದೆ ಹೇಳಿದಳು. ನಾನು ಮಿಷನ್ನಿನ ಮೇಲೆ ತಲೆ ಬಗ್ಗಿಸಿ ಕೂತಿದ್ದೆ. ಅವನು ಒಂದು ಪಿನಾಫೋರನ್ನು ಕೈಗೆತ್ತಿಕೊಂಡು ಅದರ ಮಡಿಕೆಗಳನ್ನು ಒಂದೊಂದಾಗಿ ಬೆರಳಿನಿಂದ ತೀಡುತ್ತಾ ಕೇಳಿದ.

"ನಾನೂ ತೋರಿಸ್ಕಬೇಕಾ?"

"ಹೂಂ" ಅಂದಳು ಹಸೀನಾ. "ನಿಮಗೆ ಇಲ್ಲಾಂದ್ರೆ ಮೂರು ಇಂಜೆಕ್ಷನ್ ಕೊಡ್ತಾರಂತೆ, ಮುಂದೆ ಬರದಂಗೆ."

ಅವನು ಪಿನಾಫೋರು ಕೆಳಗಿಟ್ಟು ನನ್ನ ಕಡೆ ತಿರುಗಿದ. "ಭಾವ, ರೋಗ ಬರ್ತೈತೆ, ಅದಕ್ಕೆ ಯಾರೇನು ಮಾಡಾಕಾಗ್ತೈತೆ. ನೀವು ಎರಡು ವರ್ಷ ನನ್ನ ಮನೇಲಿ ಉಂಡು ಹೋದ್ರಿ. ಒಂದು ಮಾತು ಹೇಳಲಿಲ್ಲ. ಕತ್ತರಿ ನಿಮ್ಮ ಕೈಯಾಗೈತೆ ಅಂತ ಎಲ್ಲಾರ ಅಳತೇನೂ ನೀವೇ ತಗಂಬಿಟ್ರಿ."

ಚಹಾ ಕುಡಿಯದೆ ಹೋದ. ಆ ವಾರ ಹಸೀನಾ ಸರಿಯಾಗಿ ಊಟ ಮಾಡಲಿಲ್ಲ. ಮುಂದಿನ ಭಾನುವಾರ ಮತ್ತೆ ಬಂದ. ಅವನಿಗೆ ಇರಲಿಲ್ಲ, ಮೊದಲ ಇಂಜೆಕ್ಷನ್ ಹಾಕಿಸಿಕೊಂಡ ಚೀಟಿ ಜೇಬಿನಲ್ಲಿತ್ತು. ಅದನ್ನು ಹೆಂಡತಿಗೆ ಕೊಟ್ಟ. ನನ್ನ ಜೊತೆ ಮಾತಾಡಲಿಲ್ಲ.

ಜೂನ್ ಶುರುವಿಗೆ ಯೂನಿಫಾರ್ಮ್‌ಗಳೆಲ್ಲ ಹೋಗಿ ಅಂಗಡಿ ಖಾಲಿಯಾಯಿತು. ಶಾಲೆ ಶುರುವಾದ ಎರಡನೇ ವಾರ ದಾವಣಗೆರೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಬೆಳಗ್ಗೆ ಹತ್ತು ಗಂಟೆಯಿರಬೇಕು. ಸಿಸ್ಟರು ಒಂದೊಂದು ತೊಡೆಗೆ ಒಂದೊಂದು ಇಂಜೆಕ್ಷನ್ ಹಾಕಿದರು. ಒಂದು ಲಸಿಕೆ, ಇನ್ನೊಂದು ತಾಯಿಯಿಂದ ದಾಟಿ ಬಂದ ವೈರಸ್ಸನ್ನು ಆಗಲೇ ಹಿಡಿದುಹಾಕುವುದು ಎಂದು ಹೇಳಿದರು. ಎದೆಹಾಲು ಕುಡಿಸಬಹುದು ಎಂದರು. ದಾಟಿದೆಯೋ ಇಲ್ಲವೋ ಎಂದು ಯಾವಾಗ ಗೊತ್ತಾಗುತ್ತದೆ ಎಂದು ಕೇಳಿದೆ. ಒಂದು ವರ್ಷ ತುಂಬಲಿ ಎಂದರು.

ಆ ವರ್ಷ ಹೇಗೆ ಕಳೆಯಿತೆಂದು ಹೇಳಲು ನನಗೆ ಬರುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಬಾಣಂತಿಯನ್ನು ಕರೆತಂದ ದಿನ ಕೂಸಿಗೆ ಎರೆಯಲು ನೀರು ಕಾಯಿಸಿ ಇಟ್ಟಿದ್ದೆವು. ಅವ್ವ ಬಚ್ಚಲ ಬಾಗಿಲವರೆಗೆ ಬಂದವಳು ಅಲ್ಲೇ ನಿಂತಳು.

"ನನ್ನ ಕೈಯಾಗೆ ಬಿರುಕು ಬಿಟ್ಟಾವೆ. ರಕ್ತ ಗಿಕ್ತ ತಾಗಿದ್ರೆ ಏನು ಮಾಡ್ತಿ? ರುದ್ರಮ್ಮನ್ನ ಕರಿ."

ಪಕ್ಕದ ಮನೆಯ ರುದ್ರಮ್ಮ ಬಂದು ಎರೆದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. "ಓಣಿ ಕೂಸಿಗೆಲ್ಲ ಎರೆದೋಳು ಮೊಮ್ಮಗಳಿಗೆ ಎರಿಯಾಕೆ ಮುಹೂರ್ತ ನೋಡ್ತೀಯೇನೇ?" ಎಂದು ನಕ್ಕಳು. ಅವ್ವ ನಗಲಿಲ್ಲ. ಇಂಜೆಕ್ಷನ್ ಆದ ಕೂಸಿಗೆ ಕೈಯಿಂದ ಏನೂ ತಾಗುವುದಿಲ್ಲ ಎಂದು ಕಿಟಕಿಯ ಮೇಡಂ ಫೋನಿನಲ್ಲೇ ಅವಳಿಗೆ ಹೇಳಿದರು. "ಆಗ್ಲಿ ತಾಯಿ" ಅಂದಳು, ಆದರೆ ಎರೆಯಲಿಲ್ಲ. ಅಂದಿನಿಂದ ಓಣಿಯ ಯಾವ ಕೂಸಿಗೂ ಎರೆಯಲು ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟ ನೋವು ಎನ್ನುತ್ತಿದ್ದಳು. ಐದನೇ ತಿಂಗಳಿಗೆ ಹಸೀನಾ ಕೂಸನ್ನು ಎತ್ತಿಕೊಂಡು ಸೊಕ್ಕೆಗೆ ಹೋಗುವಾಗ ಅವ್ವ ಬಾಗಿಲ ಕಂಬ ಹಿಡಿದು ನಿಂತೇ ಕಳಿಸಿಕೊಟ್ಟಳು. ಅಷ್ಟು ದಿನದಲ್ಲಿ ಕೂಸನ್ನು ಒಮ್ಮೆಯೂ ತೊಡೆಯ ಮೇಲೆ ಹಾಕಿಕೊಂಡಿರಲಿಲ್ಲ.

ಮರುವರ್ಷ ಮತ್ತೆ ಯೂನಿಫಾರ್ಮ್ ಹಂಗಾಮು ಬಂದು ಹೋಯಿತು. ಜೂನಿನಲ್ಲಿ ಹಸೀನಾ, ಖಾದರ್ ಕೂಸಿನ ರಕ್ತ ಕೊಟ್ಟು ಬಂದಿದ್ದರು. ಕಾಗದ ತರುವ ದಿನ ನಾನೂ ದಾವಣಗೆರೆಗೆ ಹೋದೆ. ಮೇಡಂ ಕಾಗದವನ್ನು ನನಗೆ ಕೊಡಲಿಲ್ಲ, ಖಾದರನ ಕೈಗೆ ಕೊಟ್ಟರು. ಅವನು ಓದಿದ. ಮತ್ತೆ ಓದಿದ. ಆಮೇಲೆ ನನ್ನ ಕಡೆ ಚಾಚಿ, "ನೀವು ಒಂದ್ಸಲ ನೋಡ್ರಿ ಭಾವ" ಅಂದ. ಒಂದು ವರ್ಷದ ಮೇಲೆ ಅವನು ನನ್ನೊಂದಿಗೆ ಆಡಿದ ಮೊದಲ ಮಾತು.

ವೈರಸ್ಸು ಇಲ್ಲ ಎಂದಿತ್ತು. ತಡೆಯುವ ಶಕ್ತಿ ಬಂದಿದೆ ಎಂದಿತ್ತು.

ಕೂಸೂ ಸೇರಿ ನಾಲ್ವರೂ ನ್ಯಾಮತಿಗೆ ಬಂದೆವು. ಅವ್ವ ಅಂಗಳದಲ್ಲಿ ಕೂತಿದ್ದಳು. ನಾನು ಕಾಗದವನ್ನು ಅವಳ ಮುಂದೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ನನ್ನ ಬೆರಳು ಹೋದ ಕಡೆಯೆಲ್ಲ ಕಣ್ಣು ಓಡಿಸಿದಳು.

"ಕೂಸಿಗೆ ಇಲ್ಲ?"

"ಇಲ್ಲವ್ವ."

"ನನ್ನಿಂದ ಬಂದದ್ದು ಹಸೀನಾಗೇ ನಿಂತೋತಾ?"

"ಅಲ್ಲಿಗೇ ನಿಂತೋತು."

ಅವಳು ಎದ್ದು ಒಳಗೆ ಹೋದಳು. ಅಳುತ್ತಾಳೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬಚ್ಚಲ ಒಲೆಯ ಹೊಗೆ ಬಂತು. ಹಸೀನಾ ಕೂಸಿನ ಬಟ್ಟೆ ಬಿಚ್ಚಿದಳು. ಹನ್ನೆರಡು ತಿಂಗಳು ದಾಟಿದ, ಗೋಡೆ ಹಿಡಿದು ನಡೆಯುವ ಕೂಸು. ಎರೆಯುವ ವಯಸ್ಸು ಎಂದೋ ದಾಟಿತ್ತು. ಅವ್ವ ಕಾಲು ನೀಡಿ ಕೂತು ಅದನ್ನು ಮೊಣಕಾಲ ಮಧ್ಯೆ ಮಲಗಿಸಿಕೊಂಡಳು. ಕೂಸಿನ ಕಾಲು ಅವಳ ಪಾದ ದಾಟಿ ಹೊರಗೆ ಚಾಚಿಕೊಂಡಿತ್ತು. ಕೂಸು ಕೈಕಾಲು ಬಡಿದು ಕೂಗಾಡಿತು. ಅವ್ವ ಬಿಡಲಿಲ್ಲ. ಎಣ್ಣೆ ತಿಕ್ಕಿದಳು, ನೀರನ್ನು ತನ್ನ ಮೊಣಕೈಗೆ ಹಾಕಿಕೊಂಡು ಹದ ನೋಡಿದಳು, ತಂಬಿಗೆ ತಂಬಿಗೆ ಹೊಯ್ದಳು. ಕೊನೆಗೆ ಕೂಸು ಸೋತು ಅವಳ ಕಾಲ ಮೇಲೇ ನಿದ್ದೆ ಹೋಯಿತು. ಖಾದರ್ ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ.

ಆ ಕೂಸು ಮುಬೀನ. ಈ ಜೂನಿಗೆ ಶಾಲೆಗೆ ಸೇರುತ್ತಾಳೆ. ಮೊನ್ನೆ ಖಾದರನೇ ಕರೆತಂದು ಸ್ಟೂಲಿನ ಮೇಲೆ ನಿಲ್ಲಿಸಿ, "ಅಳತೆ ತಗಳ್ರಿ ಭಾವ, ಇದು ನಿಮ್ಮ ಕೆಲಸ" ಅಂದ. ಟೇಪು ಹಿಡಿದು ಒಂದೊಂದು ಅಳತೆಯನ್ನೂ ಎರಡೆರಡು ಸಲ ನೋಡಿ ಬರೆದುಕೊಂಡೆ. ಪಿನಾಫೋರಿಗೆ ಕೆಳಗೆ ಒಳಮಡಿಕೆ ಜಾಸ್ತಿ ಬಿಟ್ಟಿದ್ದೇನೆ, ಬೆಳೆಯುವ ಹುಡುಗಿ. ಹಸೀನಾ, ನಾನು ಈಗಲೂ ದಿನಕ್ಕೊಂದು ಗುಳಿಗೆ ನುಂಗುತ್ತೇವೆ. ಅವಳ ಡಬ್ಬಿ ಅವಳಿಗೆ, ನನ್ನದು ನನಗೆ.

ಕೂಸು ಪಾರಾದದ್ದು ಕೊನೆಯ ಒಂದೂವರೆ ತಿಂಗಳ ಪೂರ್ತಿ ಗುಳಿಗೆಯಿಂದಲೋ, ಆ ಇಂಜೆಕ್ಷನ್‌ಗಳಿಂದಲೋ, ಎರಡರಿಂದಲೋ ನನಗೆ ಗೊತ್ತಿಲ್ಲ. ನನ್ನ ಬ್ಲೇಡಿನಿಂದ ಅಲ್ಲ ಎನ್ನುವುದು ಗೊತ್ತು. ನಿಮ್ಮಲ್ಲೂ ಯಾರಾದರೂ ಪ್ರೀತಿಯಿಂದ ಗುಳಿಗೆ ಹಂಚಿಕೊಂಡು ತಿಂದವರಿದ್ದರೆ, ಮನೆಯವರಿಗೆ ಹೇಳಬೇಕಾದ ಕಾಯಿಲೆಯನ್ನು ಹೇಳದೆ ಇಟ್ಟುಕೊಂಡವರಿದ್ದರೆ, ನಾಚಿಕೆ ಬಿಟ್ಟು ಇಲ್ಲಿ ಬರೆಯಿರಿ. ನಾನು ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.